ಬಿಗಿ ಹಿಡಿದ ಹಗ್ಗ

ಭೂಮಧ್ಯರೇಖೆಯಲ್ಲಿ ಸಮುದ್ರದ ಮೇಲಿನ ನೀರು ಪಶ್ಚಿಮಕ್ಕೆ ಹರಿಯುತ್ತಿತ್ತು. ನೂರು ಮೀಟರ್ ಕೆಳಗಿನ ನೀರು ಪೂರ್ವಕ್ಕೆ. ಹಡಗಿನ ಪರದೆಯ ಮೇಲೆ ಇದನ್ನು ಮೊದಲ ಸಲ ನೋಡಿದಾಗ ಯಂತ್ರ ಕೆಟ್ಟಿದೆ ಎಂದುಕೊಂಡೆ. ನಮ್ಮ ಕಡೆ ಕೃಷ್ಣೆ, ಭೀಮೆ ಮೇಲಿಂದ ತಳದವರೆಗೆ ಒಂದೇ ಕಡೆ ಹೋಗುತ್ತವೆ.

ಯಾದಗಿರಿಯಲ್ಲಿ ಹದಿನೈದು ವರ್ಷ ಪತ್ರಿಕೆಯ ವರದಿಗಾರನಾಗಿದ್ದವನು ನಾನು. ಪತ್ರಿಕೆ ನಿಂತ ಮೇಲೆ ಕೊಚ್ಚಿಗೆ ಬಂದು, ಸಮುದ್ರ ಸಂಶೋಧನೆಯ ಹಡಗಿನಲ್ಲಿ ದಾಖಲೆ ಬರೆಯುವ ಕೆಲಸಕ್ಕೆ ಸೇರಿದೆ. ಬಾಡಿಗೆ ಕೋಣೆ, ದಪ್ಪ ಕುಚ್ಚಲಕ್ಕಿ ಅನ್ನ, ಗೋಡೆಯ ತೇವ ಎಲ್ಲಕ್ಕೂ ಹೊಂದಿಕೊಂಡೆ. ಮಲಯಾಳಂ ಕಲಿಸಿದವನು ಹಡಗಿನ ತಂತ್ರಜ್ಞ ಶಾಜಿ. ನನ್ನನ್ನು ಚೇಟ್ಟಾ, ಅಂದರೆ ಅಣ್ಣಾ, ಎನ್ನುತ್ತಿದ್ದ.

ಗಾಳಿ ಮೇಲಿನ ನೀರನ್ನು ನೂಕುತ್ತದೆ. ಆ ನೂಕು ಸಣ್ಣ ಸಣ್ಣ ಸುಳಿಗಳ ಮೂಲಕ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆಂದು ತಿಳಿಯಲು ಉದ್ದನೆಯ ಉಪಕರಣವೊಂದನ್ನು ನೀರಿಗೆ ಬಿಡುತ್ತಾರೆ. ಅದು ತನ್ನಷ್ಟಕ್ಕೆ ಬೀಳಬೇಕು, ಹಗ್ಗ ಸಡಿಲವಿರಬೇಕು. ಬಿಗಿಯಾದರೆ ಹಡಗಿನ ಅಲುಗಾಟವೇ ಸುಳಿಯೆಂದು ದಾಖಲಾಗುತ್ತದೆ. ಒಂದು ಬೆಳಿಗ್ಗೆ ಜನ ಸಾಲದೆ ಹಗ್ಗ ನನ್ನ ಕೈಗೆ ಬಂತು. "ವಿಡು ಚೇಟ್ಟಾ, ವಿಡು," ಬಿಡು ಬಿಡು ಎಂದ ಶಾಜಿ. ಆದರೆ ನಮ್ಮೂರು ಬಳಿಚಕ್ರದ ಬಾವಿಯಲ್ಲಿ ಕೊಡ ಇಳಿಸಿ ಬೆಳೆದವನು ನಾನು. ಅಲ್ಲಿ ಹಗ್ಗ ಸಡಿಲಾದರೆ ಕೊಡ ಕಲ್ಲಿಗೆ ಬಡಿಯುತ್ತದೆ. ಶಾಜಿ ಆಚೆ ತಿರುಗಿದಾಗಲೆಲ್ಲ ಹಗ್ಗ ಬಿಗಿ ಹಿಡಿದೆ. ಉಪಕರಣ ಇಳಿಸಿದ ಮೂರು ಸಲವೂ. ದಾಖಲೆ ಪುಸ್ತಕದಲ್ಲಿ ಮಾತ್ರ "ಹಗ್ಗ ಸಡಿಲ" ಎಂದು ಬರೆದೆ.

ಸಂಜೆ ಅಂಕಿಗಳನ್ನು ನೋಡಿದ ವಿಜ್ಞಾನಿ ಮೇಡಂ ಶಾಜಿಯನ್ನು ಕರೆದು, ಉಪಕರಣ ಸರಿಯಾಗಿ ಜೋಡಿಸಿಲ್ಲ ಎಂದು ಎಲ್ಲರೆದುರು ಗದರಿದರು. ಅವನು ಮರುದಿನವೆಲ್ಲ ಅದನ್ನು ಬಿಚ್ಚಿಕೊಂಡು ಕೂತ. ನಾನು ಪಕ್ಕದಲ್ಲೇ ಕೂತು ತಿರುಪುಗಳನ್ನು ಎತ್ತಿಕೊಡುತ್ತಿದ್ದೆ.

ಸುರಪುರದಲ್ಲಿ ಶಿಕ್ಷಕಿಯಾಗಿರುವ ಅಕ್ಕನಿಗೆ ಹಡಗಿನಿಂದ ಫೋನ್ ಮಾಡಿದೆ.

"ಏನಪಾ, ಮೀನಿನ ಸಾರು ಉಂಡು ರೊಟ್ಟಿ ಮರ್ತಿಯೇನು?" ಎಂದು ನಕ್ಕಳು. ನಡೆದದ್ದು ಹೇಳಿದೆ.

"ಊರ ಮಂದಿ ತಪ್ಪೆಲ್ಲ ಪೇಪರ್‌ನಾಗ ಹಾಕ್ತಿದ್ದಿ. ನಿಂದು ಬರಿಯಾಕ ಕೈ ನಡಗಾಕತ್ಯಾವೇನು?"

"ಕೆಲಸ ಹೋಗ್ತದ ಅಕ್ಕಾ."

"ಹೋದ್ರ ಹೋಗ್ಲಿ, ಬಾ. ಆದ್ರ ಹಿಂಗ ಮುಚ್ಚಿಟ್ಕೊಂಡು ಮಾತ್ರ ಮನಿಗಿ ಬರಬ್ಯಾಡ."

ಪುಸ್ತಕ ತೆಗೆದು, ಹಳೆಯ ಅಕ್ಷರ ಕಾಣುವಂತೆ ಅಡ್ಡಗೆರೆ ಎಳೆದು, "ಹಗ್ಗ ಬಿಗಿ, ಹಿಡಿದವನು ನಾನು" ಎಂದು ಬರೆದು ಸಹಿ ಹಾಕಿದೆ. ಮೇಡಂ ಓದಿ, ಮೂರೂ ಅಳತೆಗಳನ್ನು ಕೈಬಿಟ್ಟರು. ಆ ಜಾಗ ದಾಟಿ ಬಂದಾಗಿತ್ತು, ಮತ್ತೆ ಅಳೆಯುವಂತಿರಲಿಲ್ಲ. "ಇನ್ನು ಮುಂದೆ ನೀವು ಬರೆದರೆ ಸಾಕು," ಎಂದರು. ಶಾಜಿಯ ಕ್ಷಮೆ ಕೇಳಿದೆ. ಅವನು ಬಿಚ್ಚಿದ ಉಪಕರಣವನ್ನು ಮತ್ತೆ ಜೋಡಿಸತೊಡಗಿದ.

ಕೊಚ್ಚಿಯಲ್ಲಿ ನನ್ನನ್ನು ಯಾದಗಿರಿಯವನು ಎನ್ನುತ್ತಾರೆ. ಬಳಿಚಕ್ರಕ್ಕೆ ಹೋದರೆ "ಸಮುದ್ರದವ್ರು ಬಂದ್ರು" ಎಂದು ಕುರ್ಚಿ ಹಾಕುತ್ತಾರೆ. ಆ ಹಗ್ಗ ನೆನಪಾಗಿ ಎರಡೂ ಕಡೆ ತಲೆ ತಗ್ಗುತ್ತದೆ. ಮೊನ್ನೆ ಊಟಕ್ಕೆ ಶಾಜಿಯ ಬೆಂಚಿನಲ್ಲಿ ಕೂತೆ. ಅವನು ತುಸು ಸರಿದ. ನನಗೆ ಜಾಗ ಕೊಡಲೋ, ನನ್ನಿಂದ ದೂರವಾಗಲೋ, ಕೇಳುವ ಧೈರ್ಯವಾಗಲಿಲ್ಲ.