ಕೊನೆಯ ಭರಣಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗಕ್ಕೆ ಅಧ್ಯಾಪಕಿಯಾಗಿ ಸೇರಿದೆ. ಮುಖ್ಯಸ್ಥರು ಖಾನಾಪುರ ಕಡೆಯ ಒಬ್ಬ ಪಾದ್ರಿ. ಪ್ರಯೋಗಶಾಲೆಯ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಗಾಜಿನ ಭರಣಿಗಳು ವಿಕಾಸದ ಕ್ರಮದಲ್ಲಿ ಸಾಲಾಗಿದ್ದವು. ಮೀನು, ಕಪ್ಪೆ, ಕೋಳಿ, ಮೊಲ, ಎಲ್ಲವೂ ಹುಟ್ಟದೇ ಉಳಿದವು. ಕೊನೆಯದರಲ್ಲಿ ಗರ್ಭದಲ್ಲಿ ಐದು ತಿಂಗಳು ಬೆಳೆದ ಮನುಷ್ಯ ಶಿಶು. ಅದು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಸೇರಿದ್ದರ ಹಿಂದಿನ ವರ್ಷವೇ ಐದನೆಯ ತಿಂಗಳಲ್ಲಿ ನನ್ನ ಗರ್ಭ ಹೋಗಿತ್ತು. ಆಸ್ಪತ್ರೆಯಲ್ಲಿ ಅತ್ತೆ “ನೋಡಬ್ಯಾಡ” ಎಂದು ನನ್ನ ಮುಖವನ್ನು ಗೋಡೆಗೆ ತಿರುಗಿಸಿದ್ದರು. ಕೂಸನ್ನು ಏನು ಮಾಡಿದರೆಂದು ಯಾರೂ ಹೇಳಲಿಲ್ಲ. ಆ ಭರಣಿ ಕಂಡರೆ ನನಗೆ ತಡೆಯಲಾಗುತ್ತಿರಲಿಲ್ಲ. ಸಂಜೆ ಬೀಗ ಹಾಕುವ ಮುನ್ನ ಶಿಶುವಿನ ಮುಖ ಗೋಡೆಯ ಕಡೆ ಬರುವಂತೆ ಅದನ್ನು ತಿರುಗಿಸಿ ಇಡುತ್ತಿದ್ದೆ. ಬೆಳಿಗ್ಗೆ ಬಂದರೆ ಅದು ನನ್ನ ಮೇಜನ್ನೇ ನೋಡುತ್ತಿರುತ್ತಿತ್ತು. ಇನ್ನೊಂದು ಕೀಲಿ ಇದ್ದದ್ದು ಫಾದರ್ ಹತ್ತಿರ. ಅವರದೇ ಕೆಲಸವೆಂದುಕೊಂಡೆ. ಕೇಳಲು ಮಾತ್ರ ಹೆದರಿಕೆ.

ವಿಕಾಸವಾದದ ಪಾಠವೆಂದರೆ ಹುಡುಗರಿಗೆ ಹಬ್ಬ. ನಿಮ್ಮ ದೇವರು ಆರೇ ದಿನದಲ್ಲಿ ಎಲ್ಲ ಮುಗಿಸಿದನಲ್ಲ ಎಂದು ಫಾದರನ್ನು ಕೆಣಕುತ್ತಿದ್ದರು.

“ದೇವರಿಗೇನು ಗಡಿಬಿಡಿ ಐತಿ? ಸಾವಕಾಶ ಮಾಡ್ಯಾನ” ಎಂದು ಅವರು ನಗುತ್ತಿದ್ದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಒಂದು ದಿನ ಚಹಾ ಕುಡಿಯುತ್ತ, ಧರ್ಮಗಳೂ ಹೀಗೇ ಬೆಳೆದು ಬಂದಿವೆ, ನಿಮ್ಮದು, ಮುಸಲ್ಮಾನರದು ಎಲ್ಲವೂ ಮೆಟ್ಟಿಲುಗಳು, ಪೂರ್ತಿಯಾಗುವುದು ಕ್ರಿಸ್ತನಲ್ಲಿ ಎಂದರು. ನನಗೆ ಮೈ ಉರಿಯಿತು.

“ಹಂಗಾದ್ರ ನಮ್ಮನಿ ದೇವರು ಯಾವ ಭರಣಿಯಾಗ ಅದಾನ್ರಿ ಫಾದರ್? ಕಪ್ಪಿ ಬಾಜೂಕೇನು?”

ಅವರು ಕೊನೆಯ ಭರಣಿಯನ್ನು ನೋಡುತ್ತ ಕುಳಿತರು.

ನಾಲ್ಕು ವರ್ಷಗಳ ನಂತರ ನಿವೃತ್ತರಾದಾಗ ನನ್ನನ್ನು ಕರೆದರು. “ಆ ಕೂಸನ್ನ ಮಣ್ಣಿಗೆ ಕೊಡೂಣು. ನೀವೂ ಬರ್ರಿ ಬಾಯಾರ.”

ಖಾನಾಪುರದ ಅವರ ಮನೆಯ ಹಿತ್ತಲಲ್ಲಿ ಸುಡು ಮಧ್ಯಾಹ್ನ. ಒಂದು ಹಕ್ಕಿಯೂ ಕೂಗಲಿಲ್ಲ. ಫಾದರ್ ತಾವೇ ಕುಣಿ ತೋಡಿ, ಬಿಳಿ ಬಟ್ಟೆ ಸುತ್ತಿದ ಶಿಶುವನ್ನು ಅದರ ಅಂಚಿಗೆ ಇಟ್ಟು, ಪ್ರಾರ್ಥನೆಯ ಪುಸ್ತಕ ತೆರೆದವರು ಹಾಗೇ ನಿಂತುಬಿಟ್ಟರು.

“ಯಾವ ಧರ್ಮದವರ ಕೂಸೋ ಗೊತ್ತಿಲ್ಲ. ಭರಣಿ ಸಾಲು ಹಚ್ಚಿ ಇಟ್ಟಾಂವ ನಾನ. ಇದಕ್ಕ ಏನು ಹೇಳಬೇಕು ಅನ್ನೂದ ನನಗ ತಿಳೀವಲ್ದು” ಎಂದರು. “ದಿನಾ ಇದರ ಮುಖ ಹೊರಗ ತಿರುಗಿಸಿ ಇಡ್ತಿದ್ರಲ್ಲ, ನೀವ ಏನರ ಹೇಳ್ರಿ.”

“ನಾ ಗ್ವಾಡಿ ಕಡೆ ತಿರುಗಸ್ತಿದ್ನಿ. ಹೊರಗ ತಿರುಗಸಾವ್ರು ನೀವಲ್ಲೇನ್ರಿ?”

ಅವರು ಇಲ್ಲವೆಂದು ತಲೆಯಾಡಿಸಿದರು.

ಕುಣಿಯ ಪಕ್ಕ ಕುಳಿತೆ. ಈ ಸಲ ನೋಡಬ್ಯಾಡ ಎನ್ನುವವರು ಯಾರೂ ಇರಲಿಲ್ಲ. ಬಟ್ಟೆ ಸರಿಸಿ ಮುಖ ನೋಡಿದೆ. ನನ್ನ ಕೂಸಿಗೆಂದು ತೆಗೆದಿಟ್ಟಿದ್ದ, ಗಂಡನಿಗೂ ಹೇಳದ ಹೆಸರನ್ನು, ತೊಟ್ಟಿಲಿಗೆ ಹಾಕುವ ದಿನ ಹೇಳುವಂತೆ, ಅದರ ಕಿವಿಯಲ್ಲಿ ಹೇಳಿದೆ. ಫಾದರ್ ಪುಸ್ತಕ ಮುಚ್ಚಿ, ಕೂಸನ್ನು ಕುಣಿಗಿಳಿಸಿ ಮಣ್ಣು ಎಳೆದರು.