ನಡುಮನೆಯ ಮೊಳೆ

ನಮ್ಮ ಭಾವನಿಗೆ ಸೊಟ್ಟಗಿರುವುದನ್ನು ಕಂಡರಾಗದು. ಬಸ್ಸುಗಳ ದುರಸ್ತಿ ಶೆಡ್ಡಿನಲ್ಲಿ ನೆಗ್ಗಿದ ತಗಡನ್ನು ಬಡಿದು ನೆಟ್ಟಗೆ ಮಾಡುವುದೇ ಅವರ ಕೆಲಸ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಗೆ ಬಂದವರು, ಕೊಟ್ಟ ಟೀ ಆರಿಹೋಗಲಿ ಎಂದು ಬಿಟ್ಟು, ಬಾಗಿಲ ಚಿಲಕ ಸರಿ ಮಾಡಲು ಕೂತಿದ್ದರು. ಈ ಮನುಷ್ಯನ ಜೊತೆ ಹೇಗೆ ಏಗುತ್ತೀಯೇ ಎಂದು ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದ್ದೆ. ಅವಳು ನಕ್ಕಿದ್ದಳು.

ದಿನವಿಡೀ ಬಡಿದದ್ದು ಸಾಲದೆಂದು ಮನೆಗೆ ಬಂದರೂ ಅದೇ ಕಥೆ. ಹಳೆಯ ಆಟದ ಸಾಮಾನು ಬಂದರೆ ಗುಜರಿಯವನು ಇವರಿಗೆಂದೇ ಎತ್ತಿಡುತ್ತಿದ್ದ. ಕೀಲಿ ಕೊಟ್ಟರೂ ಓಡದ ಕಾರು, ಆಟಗಾರರ ಕಾಲೆಲ್ಲ ಮುರಿದ ಫುಟ್‌ಬಾಲ್ ಮೇಜು, ಗುಂಡಿ ಒತ್ತಿದರೆ ಕಿರ್ರೆನ್ನುವುದು ಬಿಟ್ಟು ಬೇರೇನೂ ಮಾಡದ ವಿಡಿಯೊ ಗೇಮು. ಅವನ್ನೆಲ್ಲ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಆಡುವ ಹಾಗೆ ಮಾಡುವುದು ಒಂದು ಹುಚ್ಚು. ಡಬ್ಬದ ತಗಡಿನಲ್ಲಿ ಅಂಗೈಯಷ್ಟುದ್ದದ ಬಸ್ಸು ಮಾಡುವುದು ಇನ್ನೊಂದು. ತಾವೇ ದುರಸ್ತಿ ಮಾಡಿದ ಬಸ್ಸಿನ ಅಳತೆ ತೆಗೆದು, ಅದೇ ಪ್ರಮಾಣಕ್ಕೆ ಕಿಟಕಿ, ಏಣಿ, ಕನ್ನಡಿ ಎಲ್ಲವನ್ನೂ ಇಳಿಸಬೇಕು. ಊಟದ ಮೇಜಿನ ಅರ್ಧ ಅಂಟು, ಬಣ್ಣ, ಚಿಮಟಗಳ ಪಾಲು. ಅಕ್ಕ ಗೊಣಗುತ್ತಲೇ ಉಳಿದರ್ಧದಲ್ಲಿ ತಟ್ಟೆ ಇಡುತ್ತಿದ್ದಳು. ಆದರೆ ಸೀಟಿನ ಬಣ್ಣ ಒಂಚೂರು ಹೆಚ್ಚುಕಮ್ಮಿಯಾದರೂ ಮೊದಲು ಹೇಳುತ್ತಿದ್ದವಳು ಅವಳೇ.

ಅಂಥವಳಿಗೆ ಲಕ್ವ ಹೊಡೆಯಿತು. ಮಾತು ಅಷ್ಟಿಷ್ಟು ಮರಳಿತು, ಹಿಡಿದುಕೊಂಡರೆ ನಡೆಯುತ್ತಿದ್ದಳು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದದ್ದು ಬಿದ್ದ ಹಾಗೇ ಇತ್ತು. ಅದರಲ್ಲಿ ಶಕ್ತಿ ಇದೆ, ಅವರೇ ಆಡಿಸುತ್ತಿಲ್ಲ ಎಂದು ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳುತ್ತಿದ್ದಳು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಅಕ್ಕ ಅದನ್ನು ಕೆಳಗೆ ಬೀಳಿಸುವಳು, ಭಾವ ಎತ್ತಿ ಕೊಡುವರು, ಅಕ್ಕ ಮತ್ತೆ ಬೀಳಿಸಿ ಗೋಡೆಯ ಕಡೆ ತಿರುಗುವಳು. ಹೀಗೇ ಬಿಟ್ಟರೆ ಬೆರಳು ಸೆಟೆದುಹೋಗುತ್ತವೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ ಎಂದು ಆ ಹುಡುಗಿ ಒಂದು ದಿನ ಭಾವನನ್ನು ಹೊರಗೆ ಕರೆದು ಹೇಳಿಹೋದಳು.

ಭಾವ ಸೊರಗಿಹೋಗಿದ್ದರು. ಬೆಳಿಗ್ಗೆ ಅಕ್ಕನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ತಿನ್ನಿಸಿ, ಪಕ್ಕದ ಮನೆಯಾಕೆಗೆ ಒಪ್ಪಿಸಿ ಶೆಡ್ಡಿಗೆ ಓಡುವರು. ಸಂಜೆ ಬಂದು ಮತ್ತೆ ಮೊದಲಿನಿಂದ. ಜಡೆ ಹಾಕಲು ಬಾರದೆ ಕೂದಲನ್ನು ತಂತಿ ಸುತ್ತಿದ ಹಾಗೆ ಸುತ್ತಿಡುತ್ತಿದ್ದರು, ನಾನು ಹೋದಾಗಲೆಲ್ಲ ಬಿಚ್ಚಿ ಹೆಣೆಯುತ್ತಿದ್ದೆ. ಮೇಜಿನ ಮೇಲೆ ಚಕ್ರವಿಲ್ಲದ ಬಸ್ಸೊಂದು ಧೂಳು ಹಿಡಿದು ಕೂತಿತ್ತು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು, ಅಳು ಬಂತಲ್ಲ ಎಂದು ಸಿಟ್ಟೂ ಬರುತ್ತಿತ್ತು.

ಒಂದು ದಿನ ಭಾವ, ನಿಮ್ಮಪ್ಪ ಮಾಡಿದ ಗೋಲಿ ಹಲಗೆ ನಿನ್ನ ಹತ್ತಿರ ಇದೆಯಲ್ಲ, ಕೊಡು ಎಂದರು. ಅಪ್ಪ ಹಳೆಯ ಬೀರುವಿನ ಬಾಗಿಲು ಕೊಯ್ದು ನಮ್ಮಿಬ್ಬರಿಗೆಂದು ಮಾಡಿದ ಆಟ ಅದು. ಇಳಿಜಾರಾಗಿಟ್ಟ ಹಲಗೆ, ಅದರ ತುಂಬ ಮೊಳೆ, ಪಕ್ಕದಲ್ಲೊಂದು ಸ್ಪ್ರಿಂಗು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಓಡಿ, ಮೊಳೆಗಳಿಗೆ ತಾಗುತ್ತ ಯಾವುದಾದರೊಂದು ಗುಂಡಿಗೆ ಬೀಳುತ್ತದೆ. ಮಧ್ಯದ ಗುಂಡಿಗೆ ನಾವು ನಡುಮನೆ ಎನ್ನುತ್ತಿದ್ದೆವು. ಅಲ್ಲಿಗೆ ಬಿದ್ದರೆ ಗೆದ್ದ ಹಾಗೆ. ಚಿಕ್ಕವಳಾದರೂ ಯಾವಾಗಲೂ ನಾನೇ ಗೆಲ್ಲುತ್ತಿದ್ದೆ. ಅಕ್ಕ ಸ್ಪ್ರಿಂಗನ್ನು ಕೊನೆಯವರೆಗೂ ಎಳೆಯುವಳು, ನಾನು ನಾಜೂಕಾಗಿ ಒಂಚೂರು ಎಳೆಯುತ್ತಿದ್ದೆ. ಎಲ್ಲ ಕೈಹದ ಎಂದು ಆಗಿನಿಂದ ಈಗಿನವರೆಗೆ ಜಂಭ ಕೊಚ್ಚಿಕೊಂಡು ಬಂದಿದ್ದೇನೆ. ಟೈಲರ್ ಆಗಿದ್ದೂ ಅದೇ ಕೈಹದದಿಂದ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇನೆ.

ಅಟ್ಟದಿಂದ ಇಳಿಸಿದ ಹಲಗೆಯನ್ನು ನೋಡಿ ಭಾವ ನನ್ನನ್ನು ಚೆನ್ನಾಗಿ ಬೈದರು. ಸ್ಪ್ರಿಂಗ್ ತುಕ್ಕು ಹಿಡಿದಿದೆ, ಪಾಲಿಶ್ ಎದ್ದಿದೆ, ಮೊಳೆಗಳು ಬಗ್ಗಿವೆ, ಸಾಮಾನು ಇಟ್ಟುಕೊಳ್ಳುವ ರೀತಿಯೇ ಇದು ಎಂದರು. ನಾನೂ ಸುಮ್ಮನಿರಲಿಲ್ಲ, ಅಟ್ಟದ ಮೇಲಿನ ಸಾಮಾನಿಗೆ ಯಾರು ದಿನಾ ಸ್ನಾನ ಮಾಡಿಸುತ್ತಾರೆ ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಹೊಸ ಮೊಳೆ ಹೊಡೆಯುವುದು ಭಾವನ ಜಾಯಮಾನವಲ್ಲ. ಒಂದೊಂದನ್ನೇ ಕಿತ್ತು, ಕಬ್ಬಿಣದ ತುಂಡಿನ ಮೇಲಿಟ್ಟು ನೆಟ್ಟಗೆ ಬಡಿದು, ಉಜ್ಜಿ, ಅದದೇ ತೂತಿಗೆ ಮರಳಿ ಕೂರಿಸಿದರು. ಅಕ್ಕ ಮಲಗಿದ ಹೊತ್ತಿನಲ್ಲಿ ಮಾತ್ರ ಕೆಲಸ. ಒಮ್ಮೆ ನಾನು ಹೋದಾಗ ಕೈಯಲ್ಲಿ ಬ್ರಷ್ ಹಿಡಿದುಕೊಂಡೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಪಾಲಿಶ್ ಅಂಗಿಯ ಮೇಲೆ ಸುರಿದಿತ್ತು. ಎಬ್ಬಿಸಿದರೆ, ಆಟ ನೋಡಿಯಾದರೂ ಅವಳು ಕೈ ಚಾಚುತ್ತಾಳೇನೋ ಪುಟ್ಟಿ, ಎಂದರು. ಅವರ ದನಿಯಲ್ಲಿ ನಂಬಿಕೆ ಏನೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಹಲಗೆಯನ್ನು ಅಕ್ಕನ ಮುಂದೆ ಇಟ್ಟೆವು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಕ್ಕ ನೋಡಿದಳು, ಕೈ ಎತ್ತಲಿಲ್ಲ. ಅವಳಿಗೆ ಆಸೆ ಹುಟ್ಟಲಿ ಎಂದು ಮೊದಲು ನಾನೇ ಆಡಿದೆ. ಎಂದಿನಂತೆ ನಾಜೂಕಾಗಿ ಎಳೆದು ಬಿಟ್ಟೆ. ಗೋಲಿ ನಡುಮನೆಯ ಪಕ್ಕದಲ್ಲೇ ಜಾರಿ ತಳಕ್ಕೆ ಹೋಯಿತು. ಮತ್ತೆ ಎಳೆದೆ, ಮತ್ತೆ ತಳಕ್ಕೆ. ಎಷ್ಟು ಸಲ ಎಳೆದರೂ ಅಷ್ಟೇ. ನನ್ನ ಮೈಯೆಲ್ಲ ಉರಿಯಿತು.

"ಭಾವ, ಏನೋ ಕೆಡಿಸಿಬಿಟ್ಟಿದೀರ ಇದನ್ನ."

"ಒಂದು ಕೂದಲೆಳೆ ಆಚೀಚೆ ಮಾಡಿಲ್ಲ. ನಿನ್ನ ಕೈಯೇ ಕೆಟ್ಟಿರ್ಬೇಕು," ಎಂದರು ಅವರು.

ಇಬ್ಬರಿಗೂ ಸುಸ್ತಾಗಿತ್ತು, ಅದಕ್ಕೇ ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಅಕ್ಕನ ಗಂಟಲಿನಿಂದ ಏನೋ ಸದ್ದು ಬಂತು. ಉಸಿರು ಕಟ್ಟಿತೇನೋ ಎಂದುಕೊಂಡೆ. ಭಾವ ಓಡಿಹೋಗಿ ಬೆನ್ನು ಹಿಡಿದರು. ಅವಳು ನಗುತ್ತಿದ್ದಳು. ಬಾಯಿ ಒಂದು ಕಡೆ ವಾಲಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಎಡಗೈ ಬೆರಳನ್ನು ಮೆಲ್ಲಗೆ ತಂದು ನಡುಮನೆಯ ಮೇಲಿನ ಮೊಳೆಯ ಮೇಲಿಟ್ಟಳು.

"ಇದು... ಸೊಟ್ಟ ಇರ್ಬೇಕು," ಎಂದಳು. "ಅಪ್ಪ ಬಗ್ಸಿದ್ದು. ಪುಟ್ಟಿ ಸೋತ್ರೆ... ಅಳ್ತಿದ್ಲು."

ಮೆಲ್ಲಗೆ ಬಂದ ಗೋಲಿ ಆ ಮೊಳೆಯ ಬಾಗಿಗೆ ತಾಗಿ ನಡುಮನೆಗೆ ಬೀಳಲಿ ಎಂದು, ಎಳೆಯ ಕೈಯ ಮಗಳಿಗಾಗಿ ಅಪ್ಪ ಮಾಡಿದ ಏರ್ಪಾಡು. ನನ್ನ ಕೈಹದ ಎಲ್ಲ ಆ ಒಂದು ಮೊಳೆಯಲ್ಲಿತ್ತು.

"ನಿಂಗೆ ಗೊತ್ತಿತ್ತೇನೇ?" ಎಂದೆ.

"ಗೊತ್ತಿತ್ತು. ಅದಕ್ಕೇ... ಜೋರಾಗಿ ಎಳೀತಿದ್ದೆ."

ಭಾವ ಇಕ್ಕಳ ತಂದರು. ಮೊಳೆ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು. ನೆಟ್ಟಗಿರುವುದನ್ನು ಬೇಕೆಂದೇ ಸೊಟ್ಟ ಮಾಡಿ ಅವರಿಗೆ ರೂಢಿಯಿಲ್ಲ. ಅವರು ಒಂಚೂರು ಬಗ್ಗಿಸಿದಂತೆಲ್ಲ ಅಕ್ಕ ಇನ್ನೂ, ಇನ್ನೂ ಎಂದು ಹೇಳುತ್ತ ಹೋದಳು. ಕೊನೆಗೆ ಸಾಕು ಎಂದಳು.

ಭಾವ ಹಲಗೆಯನ್ನು ಅವಳ ಹತ್ತಿರಕ್ಕೆ ಸರಿಸಿದರು. ನಾವಿಬ್ಬರೂ ಬೇರೆಲ್ಲೋ ನೋಡುತ್ತಿರುವವರ ಹಾಗೆ ಕೂತೆವು. ಮಡಿಲಿನಿಂದ ಅವಳ ಬಲಗೈ ಎದ್ದಿತು. ನಡುಗುತ್ತ ಬಂದು ಸ್ಪ್ರಿಂಗಿನ ಹಿಡಿಯನ್ನು ಮುಟ್ಟಿತು, ಜಾರಿತು, ಮತ್ತೆ ಹಿಡಿಯಿತು. ಎಳೆಯಲು ಆದದ್ದು ಒಂಚೂರು ಮಾತ್ರ. ಅಷ್ಟಕ್ಕೇ ಗೋಲಿ ಹೇಗೋ ಮೇಲಕ್ಕೆ ತೆವಳಿ, ಬಗ್ಗಿದ ಮೊಳೆಗೆ ತಾಗಿ, ನಡುಮನೆಯಲ್ಲಿ ಕೂತಿತು. ಭಾವ ಎದ್ದು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿಕೊಂಡು ನಿಂತರು. ಅವರ ಭುಜ ಕುಲುಕುತ್ತಿದ್ದವು.

ನನ್ನ ಸರದಿ ಬಂತು. ಸ್ಪ್ರಿಂಗನ್ನು ಕೊನೆಯವರೆಗೂ ಎಳೆದು ಬಿಟ್ಟೆ. ಗೋಲಿ ಹಲಗೆಯನ್ನೆಲ್ಲ ಸುತ್ತಿ ತಳಕ್ಕೆ ಬಿತ್ತು.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಕಳ್ಳಿ," ಎಂದು, ತನ್ನ ಸರದಿಗೆ ಮತ್ತೆ ಬಲಗೈ ಚಾಚಿದಳು.