ಅರ್ಧ ತುಂಬಿದ ಬ್ಯಾಟರಿ

ರೊಟ್ಟಿಯ ಹಿಟ್ಟಿಗೆ ಎಸರು ಸುರಿದು ನಾದುತ್ತಿದ್ದೆ. ಮಗಳು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಅಂಗೈ ಮೇಲೆ ಅವಳ ವಿಮಾನದ ಬ್ಯಾಟರಿ ಇತ್ತು. ಸೋಪಿನ ಬಿಲ್ಲೆಯಂತೆ ಚಪ್ಪಟೆಯಾಗಿರಬೇಕಾದದ್ದು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು.

"ಅವ್ವ, ಇದು ಹೋತು," ಅಂದಳು.

ಅಂದು ಶುಕ್ರವಾರ. ರವಿವಾರ ಬಸವನ ಬಾಗೇವಾಡಿಯ ಮೈದಾನದಲ್ಲಿ ಅವಳ ಪರೀಕ್ಷೆ. ಪುಸ್ತಕದ ಪರೀಕ್ಷೆಯಲ್ಲ. ಡಿಪ್ಲೊಮಾ ಓದುವ ನನ್ನ ಮಗಳು ಒಂದು ವರ್ಷದಿಂದ ಫೋಮ್ ಹಾಳೆ ಕತ್ತರಿಸಿ, ಮೂತಿಗೊಂದು ಮೋಟಾರು ಕೂಡಿಸಿ, ಕೈಯಲ್ಲಿ ರಿಮೋಟು ಹಿಡಿದು ವಿಮಾನ ಹಾರಿಸುತ್ತಾಳೆ. ಹೊರಜಿಲ್ಲೆಯ ಸ್ಪರ್ಧೆಗೆ ಹೋಗುವ ಅವಳ ಕಾಲೇಜಿನ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಒಮ್ಮೆ ತುಂಬಿದ ಬ್ಯಾಟರಿಯಲ್ಲಿ ಐದು ಸುತ್ತು ಹಾಕಿಸಿ, ಸುಣ್ಣದ ಗೆರೆಯೊಳಗೆ ಇಳಿಸಿದವರಿಗೆ ಆ ಜಾಗ. ಅದು ತನಗೆ ಬೇಕೆಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಷ್ಟು ಬೇಕಾಗಿತ್ತು.

ಉಬ್ಬಿದ್ದನ್ನು ಚುಚ್ಚಬಾರದಂತೆ, ಬೆಂಕಿ ಹತ್ತುತ್ತದಂತೆ. ಹಿತ್ತಲಲ್ಲಿ ಮರಳು ತುಂಬಿದ ಬಕೆಟ್ಟಿನೊಳಗೆ ಇಟ್ಟು ಬಂದಳು. ಒಲೆಯ ಮೇಲಿನ ಗೋಡೆಯ ಮಾಡದಲ್ಲಿ ಇದ್ದಲ್ಲೇ ಉಬ್ಬಿತ್ತು, ಮನೆ ಸುಡಲಿಲ್ಲ, ಯಾರ ಕೈಯೂ ಸುಡಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನೇ ಜೋಡಿಸಿ ಶಿವನಿಗೆ ಮುಗಿದೆ.

"ನಾ ಅರ್ಧಕ್ಕ ಬಿಟ್ಟಿದ್ದೆ. ಯಾರರ ಫುಲ್ ಚಾರ್ಜ್ ಮಾಡೀರೇನು?" ಮಗಳು ಕೇಳಿದಳು.

ಒಲೆಯ ಮುಂದೆ ಕೂತಿದ್ದ ನನ್ನ ಅತ್ತೆ ತಲೆ ಎತ್ತಿದರು. "ನಾನ ಮಾಡೀನಿ. ಹುಣ್ಣಿವಿ ದಿನ ನೋಡಿದ್ರ ಚಾರ್ಜರ್ ಡಬ್ಬ್ಯಾಗ ಅರ್ಧಾನ ತೋರಿಸ್ತಿತ್ತು. ನೀ ಹಚ್ಚೂದು ನೋಡಿದ್ನೆಲ್ಲ, ಹಂಗ ಹಚ್ಚಿದೆ. ತುಂಬೇತಿ ಅಂತ ಡಬ್ಬಿ ಕೂಗಿದ ಮ್ಯಾಲೆ ತಗದು ಒಲಿ ಮ್ಯಾಲಿನ ಮಾಡಕ್ಕ ಇಟ್ಟೆ, ಬೆಚ್ಚಗಿರಲಿ ಅಂತ."

ನಮ್ಮ ಮನೆಯಲ್ಲಿ ಇದು ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಹುಣ್ಣಿಮೆ, ಅಮಾವಾಸ್ಯೆ, ಶುಕ್ರವಾರ ಬಂತೆಂದರೆ ಮನೆಯಲ್ಲಿ ಯಾವುದೂ ಅರ್ಧ ಇರಬಾರದು. ಕೊಡ ತುಂಬಬೇಕು, ಜೋಳದ ಡಬ್ಬಿ ತುಂಬಬೇಕು, ಉಪ್ಪಿನ ಭರಣಿ ತುಂಬಬೇಕು, ದೀಪದ ಎಣ್ಣೆ ತುಂಬಬೇಕು. ಹೀಗಿರುವಾಗ ಬ್ಯಾಟರಿಯೊಂದು ಅರ್ಧ ಇದ್ದರೆ ಅವರ ಕಣ್ಣು ಬಿಡುತ್ತದೆಯೇ?

"ಆಯಿ, ಈ ಜಾತಿ ಬ್ಯಾಟರಿ ಹಾರಿಸೋ ಮುಂದಷ್ಟ ತುಂಬಬೇಕು. ತುಂಬಿ ಹಂಗ ವಾರಗಟ್ಟಲೆ ಇಟ್ರ, ಅದರಾಗೂ ಬಿಸಿಗೆ ಇಟ್ರ, ಒಳಗ ಕೆಡತಾವು," ಎಂದು ಮಗಳು ಅಜ್ಜಿಗೆ ಹೇಳಿದಳು.

"ಇದೆಂಥಾದ ನಮ್ಮವ್ವ! ತುಂಬಿದ್ರ ಕೆಡೂ ವಸ್ತು ನಾ ಹುಟ್ಟಿದಾಗಿಂದ ಕಂಡಿಲ್ಲ," ಅಂದರು ಅತ್ತೆ. ದನಿಯಲ್ಲಿ ಜೋರಿತ್ತು, ಮುಖದಲ್ಲಿ ಇರಲಿಲ್ಲ. ಆ ದಿನ ಒಂದೇ ರೊಟ್ಟಿ ತಿಂದು ಎದ್ದರು.

ನನ್ನ ಯಜಮಾನರು ಬಸ್ಸಿನ ಕಂಡಕ್ಟರು. ದೇವರು ಅಂದು ಅವರಿಗೆ ಮುದ್ದೇಬಿಹಾಳದ ಪಾಳಿ ಕೊಟ್ಟಿದ್ದ. ಅಲ್ಲಿ ಮಗಳ ಹಿರಿಯ ಗೆಳತಿಯೊಬ್ಬಳು ಇದ್ದಳು, ಹೋದ ವರ್ಷ ಇದೇ ಆಟ ಆಡಿದವಳು. ಫೋನು ಮಾಡಿದ್ದೇ ತಡ, ತನ್ನಲ್ಲಿದ್ದ ಎರಡು ಬ್ಯಾಟರಿಗಳನ್ನು ಬಸ್‌ಸ್ಟ್ಯಾಂಡಿಗೆ ತಂದು ಇವರ ಕೈಗಿಟ್ಟಳು. ಸಂಜೆ ಇವರು ಸಿಂದಗಿಯ ಮನೆಗೆ ಬಂದು, ಟಿಕೆಟ್ ಚೀಲದಿಂದ ಎರಡನ್ನೂ ತೆಗೆದು, "ಒಂದು ದೊಡ್ಡಪ್ಪ, ಒಂದು ಸಣ್ಣಪ್ಪ. ಯಾರಿಗೆ ಸೀಟು ಕೊಡ್ತಿ ನೋಡು," ಅಂದರು.

ದೊಡ್ಡದು ಸಣ್ಣದರ ಎರಡರಷ್ಟು ತೂಕವಿತ್ತು. ಅತ್ತೆ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, "ದೊಡ್ಡದ ಹಾಕು. ಹೊಲಕ್ಕ ಹೋಗೋರಿಗೆ ಎರಡು ರೊಟ್ಟಿ ಹೆಚ್ಚಿಗಿ ಕಟ್ಟೂದಿಲ್ಲೇನು?" ಅಂದರು.

"ಕಟ್ಟೋರು ನೀವು ಆಯಿ, ಹೊತ್ಕೊಂಡು ಹಾರೂದು ಅದು."

"ನನ್ನ ದೊಡ್ಡ ಟಾರ್ಚಿನಾಗ ದುಂಡನ್ನ ಸೆಲ್ ಅದಾವಲ್ಲ, ಚಾರ್ಜ್ ಮಾಡೂವು? ವಾರಗಟ್ಟಲೆ ಬರ್ತಾವು," ಅಂದರು ಯಜಮಾನರು.

"ಅಪ್ಪ, ಅವು ತತ್ರಾಣಿ ಇದ್ದಂಗ. ನೀರು ಬೇಕಾದಷ್ಟು ಹಿಡೀತಾವು, ಬಾಯಿ ಸಣ್ಣದು. ಏರೂ ಮುಂದ ಮೋಟಾರಿಗೆ ಒಮ್ಮೆಲೆ ಕೊಡ ಬಗ್ಗಿಸಿದಂಗ ಸುರೀಬೇಕು."

ನನಗೆ ಅಷ್ಟು ತಿಳಿಯಿತು. ಅವರಿಗೂ ತಿಳಿಯಿತು, ಟಾರ್ಚು ಮತ್ತೆ ಗೂಟಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಊರ ಹೊರಗಿನ ಕೊಯ್ದ ಕಡಲೆಹೊಲದಲ್ಲಿ ಗೆರೆ ಎಳೆದು ಎರಡನ್ನೂ ಹಾಕಿ ಹಾರಿಸಿ ನೋಡಿದೆವು. ದೊಡ್ಡ ಬ್ಯಾಟರಿ ಹಾಕಿದಾಗ ವಿಮಾನ ಮೂತಿ ಕೆಳಗೆ ಮಾಡಿತು. ಮಗಳು ಬ್ಯಾಟರಿಯನ್ನು ತುಸು ಹಿಂದೆ ಸರಿಸಿ, ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿ ಸಮತೂಕ ನೋಡಿದಳು. ತಲೆಯ ಮೇಲೆ ಬುಟ್ಟಿ ಹೊತ್ತಾಗ ನಾವೂ ಹಾಗೇ ಸರಿಸಿಕೊಳ್ಳುತ್ತೇವೆ. ಆಮೇಲೆ ಏರಿತು, ಐದು ಸುತ್ತೂ ಹಾಕಿತು. ಆದರೆ ಇಳಿಯುವಾಗ ನಿಲ್ಲದೆ ಎಮ್ಮೆ ನುಗ್ಗಿದಂತೆ ನುಗ್ಗಿ ಗೆರೆ ದಾಟಿತು, ಒಂದು ಗಾಲಿ ಸೊಟ್ಟಗಾಯಿತು. ಸಣ್ಣದನ್ನು ಹಾಕಿದಾಗ ಗುಬ್ಬಿಯಂತೆ ಏರಿತು, ಮೆಲ್ಲಗೆ ಇಳಿಯಿತು. ನಾಲ್ಕನೆಯ ಸುತ್ತು ಮುಗಿಯುವುದರೊಳಗೆ ಮಾತ್ರ ಒಳಗಿನ ಪುಟ್ಟ ಯಂತ್ರ ಕೀಂ ಕೀಂ ಎಂದು ಕೂಗಿತು. ಬ್ಯಾಟರಿ ತಳ ಮುಟ್ಟಿತೆಂದು ಅದರ ಅರ್ಥ.

ದೊಡ್ಡದು ಐದು ಸುತ್ತು ಬರುತ್ತದೆ, ಗೆರೆಯೊಳಗೆ ಇಳಿಯುವುದಿಲ್ಲ. ಸಣ್ಣದು ಗೆರೆಯೊಳಗೆ ಇಳಿಯುತ್ತದೆ, ಐದು ಸುತ್ತು ಬರುವುದಿಲ್ಲ. ಮಗಳು ಮನೆಗೆ ಬಂದು ಪಡಸಾಲೆಯಲ್ಲಿ ಎರಡನ್ನೂ ಮುಂದಿಟ್ಟುಕೊಂಡು ಕೂತಳು. ನಾನು ಚಹಾ ಇಟ್ಟು ಬಂದೆ. ಆರಿತು. ಮತ್ತೆ ಬಿಸಿ ಮಾಡಿ ಕೊಟ್ಟೆ.

ಕೊನೆಗೆ ಎದ್ದಳು. "ಸಣ್ಣದ ಹಾಕ್ತೇನಿ. ಬ್ಯಾಟರಿ ಹೆಚ್ಚು ಮಾಡೂದು ಬ್ಯಾಡ, ಭಾರ ಕಡಿಮಿ ಮಾಡ್ತೇನಿ."

ಗಾಲಿ ಬಿಚ್ಚಿದಳು. ಹೊಟ್ಟೆಯ ಮೇಲೇ ಇಳಿಸುತ್ತಾಳಂತೆ. ಅಂಟಿಸಿದ್ದ ಬಣ್ಣದ ಪಟ್ಟಿ ಕಿತ್ತಳು. ರೆಕ್ಕೆಯ ಬುಡದಲ್ಲಿ ಅವಳ ಆಯಿ ಕರಿದಾರದಿಂದ ಕಟ್ಟಿದ್ದ ತಾಮ್ರದ ತಾಯತವಿತ್ತು. ಅದರ ಮುಂದೆ ಅವಳ ಕೈ ನಿಂತಿತು.

ಅತ್ತೆ ನೋಡುತ್ತಲೇ ಇದ್ದರು. "ಅದರ ಭಾರ ಎಷ್ಟರ ಆದೀತು?" ಅಂದರು.

"ಸ್ವಲ್ಪ ಆಯಿ. ಆದರ ಆ ಸ್ವಲ್ಪಾನ ಬೇಕಾಗೇತಿ."

ಅತ್ತೆ ತಾವೇ ಎದ್ದು ಬಂದರು. ಹಲ್ಲಿಲ್ಲದ ಬಾಯಿಂದ ದಾರ ಹರಿಯಲಾಗದೆ ನನ್ನ ಕಡೆ ಕೈ ಚಾಚಿದರು. ಕತ್ತರಿ ಕೊಟ್ಟೆ. ತಾಯತ ಬಿಡಿಸಿ ಮೊಮ್ಮಗಳ ತೋಳಿಗೆ ಕಟ್ಟಿ, "ಹಾರೂದು ಅದು ಆದ್ರೂ ಹಾರಿಸಾಕಿ ನೀನ ಅಲ್ಲೇನು? ಇಲ್ಲೇ ಇರಲಿ," ಅಂದರು. ಆಮೇಲೆ ವಿಮಾನದ ಮೂತಿಗೆ ಒಂದು ಎಳೆ ವಿಭೂತಿ ಎಳೆದು, "ಇದಕ್ಕರ ತೂಕಿಲ್ಲ ಹೌದಿಲ್ಲೋ?" ಎಂದು ಕೇಳಿದರು. ಮಗಳು ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ರವಿವಾರ ಬಾಗೇವಾಡಿಯಲ್ಲಿ ಇಳಿದ ಕೂಡಲೇ ಗುಡಿಗೆ ಹೋಗಿ ಕಾಯಿ ಒಡೆಸಿ, ಮೈದಾನಕ್ಕೆ ಬಂದೆವು. ಅವಳದೇ ಕಾಲೇಜಿನ, ಇಂಡಿಯಿಂದ ಬಂದ ಹುಡುಗ ಮೊದಲು ಹಾರಿಸಿದ. ಒಳ್ಳೆಯ ದೊಡ್ಡ ಬ್ಯಾಟರಿ, ಐದು ಸುತ್ತು ಸಲೀಸಾಗಿ ಆಯಿತು, ಇಳಿಯುವಾಗ ಗೆರೆ ದಾಟಿತು. ಅವನ ತಾಯಿ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕೈ ಹಿಡಿದುಕೊಂಡೆ. ಮನಸ್ಸು ಹಗುರಾದದ್ದು ಸುಳ್ಳಲ್ಲ, ಹಿಡಿದದ್ದೂ ಸುಳ್ಳಲ್ಲ.

ಮಗಳ ವಿಮಾನ ಏರಿತು. ಅತ್ತೆ ಕಣ್ಣು ಮುಚ್ಚಿಕೊಂಡು, "ಐತೇನು? ಇನ್ನೂ ಐತೇನು?" ಎಂದು ಕೇಳುತ್ತಲೇ ಇದ್ದರು. "ಐತ್ರಿ ಅತ್ತಿ, ಐತ್ರಿ," ಅನ್ನುತ್ತಲೇ ಇದ್ದೆ. ನಾಲ್ಕನೆಯ ಸುತ್ತು ಮುಗಿಯಿತು, ಕೀಂ ಕೀಂ ಕೇಳಲಿಲ್ಲ. ಐದನೆಯದರ ನಡುವೆ ಕೇಳಿಸಿತು. ಮಗಳು ಮೋಟಾರು ತಗ್ಗಿಸಿದಳು. ಗಾಳಿ ಬೆನ್ನಿಗಿತ್ತು. ವಿಮಾನ ಸದ್ದಿಲ್ಲದೆ ತೇಲುತ್ತ ಸುತ್ತು ಮುಗಿಸಿ, ತಿರುಗಿ, ಧೂಳಿನಲ್ಲಿ ಹೊಟ್ಟೆ ಉಜ್ಜಿಕೊಂಡು ಗೆರೆಯ ಇತ್ತಲೇ ನಿಂತಿತು.

ಆ ಜಾಗ ಅವಳಿಗೇ ಸಿಕ್ಕಿತು. ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಓಡಿಹೋಗಿ ಬ್ಯಾಟರಿ ಮುಟ್ಟಿ, "ಬೆಚ್ಚಗೈತಿ ಅಷ್ಟ, ಉಬ್ಬಿಲ್ಲ," ಅಂದಳು. ಇನ್ನೊಬ್ಬರ ವಸ್ತು ಕೆಡಲಿಲ್ಲವೆಂಬುದು ನನಗೂ ದೊಡ್ಡದಾಗಿ ಕಂಡಿತು.

ಸಂಜೆ ಮನೆಗೆ ಬಂದು ಎರಡೂ ಬ್ಯಾಟರಿಗಳನ್ನು ಅರ್ಧಕ್ಕೆ ತಂದಳು. ಅವು ಮುದ್ದೇಬಿಹಾಳಕ್ಕೆ ಮರಳುವತನಕ ಇಡಲು ತಂಪಾದ ಜಾಗ ಬೇಕೆಂದಳು. ಅತ್ತೆ ಒಳಗೆ ಹೋಗಿ ತಮ್ಮ ಹಳೆಯ ಮೊಸರಿನ ಗಡಿಗೆಯನ್ನು ಒರೆಸಿ ತಂದರು. "ಇದರಾಗ ಇಡು. ಅರ್ಧ ಇರಲಿ, ನಿನ್ನ ಮಾತಿನಂಗ ಆಗಲಿ. ಮ್ಯಾಲೆ ಮುಚ್ಚು ಮಾತ್ರ. ನನ್ನ ಕಣ್ಣಿಗಿ ಬಿದ್ರ ಕೈ ಸುಮ್ಮನಿರೂದಿಲ್ಲ."

ಅಷ್ಟರಲ್ಲಿ ಓಣಿಯಲ್ಲಿ ಗದ್ದಲವಾಯಿತು. ನಳಕ್ಕೆ ನೀರು ಬಂದಿತ್ತು. ಕಾಯಿಯ ಪ್ರಸಾದ ಬಾಯಲ್ಲಿ ಹಾಕಿಕೊಂಡು, ಸೆರಗು ಸಿಕ್ಕಿಸಿ ಕೊಡ ಎತ್ತಿಕೊಂಡೆ. ಒಳಗಿನಿಂದ ಅತ್ತೆಯ ದನಿ ಬಂತು:

"ಕೊಡಾನರ ಕಂಠಮಟ ತುಂಬಿಕೊಂಡು ಬಾ ನಮ್ಮವ್ವ!"